ಫ್ರಿಜ್ ಬಾಗಿಲಿನ ಹಾಳೆ

ಫೆಬ್ರವರಿ 13, ಬೆಳಿಗ್ಗೆ

ಹಾಲು ಉಕ್ಕಿತು. ಈ ವಾರದಲ್ಲಿ ಮೂರನೇ ಸಲ. ಅತ್ತೆ ಬೈಯಲಿಲ್ಲ. ಒರೆಸುವ ಬಟ್ಟೆ ನನ್ನ ಕಡೆ ಎಸೆದರು, ಅಷ್ಟೆ. ಒಲೆ ಒರೆಸುತ್ತಾ ನಗು ಬಂತು. ಈಗ ಎಲ್ಲದಕ್ಕೂ ನಗು. ಮದುವೆಯಾಗಿ ಹದಿನಾಲ್ಕು ದಿನ! ಟೂರ್‌ನಿಂದ ಬಂದು ಎರಡು ದಿನವಾಯಿತು, ಸೂಟ್‌ಕೇಸ್ ಇನ್ನೂ ಬಿಚ್ಚಿಲ್ಲ. ಬಿಚ್ಚಿದರೆ ಟೂರ್ ಮುಗಿದ ಹಾಗೆ.

ಇವರು ತಿಂಡಿ ತಟ್ಟೆ ಪಕ್ಕದಲ್ಲಿ ಒಂದು ಹಾಳೆ ಹರಡಿದರು. ಇವರು ನೋಡಿಕೊಳ್ಳುವ ಲಸಿಕೆ ಸ್ಟೋರಿನಲ್ಲಿ ದೊಡ್ಡ ಫ್ರಿಜ್ ಬಾಗಿಲಿಗೆ ಅಂಟಿಸುವ ಟೆಂಪರೇಚರ್ ಹಾಳೆ. ದಿನಕ್ಕೆರಡು ಸಲ ನೋಡಿ ಬರೆಯಬೇಕು. ಎರಡರಿಂದ ಎಂಟು ಡಿಗ್ರಿಯೊಳಗೆ ಇರಬೇಕು. ನಾವು ಊರಲ್ಲಿಲ್ಲದಾಗ ಬದಲಿಗೆ ಬಂದಿದ್ದವನು ಒಂದು ಸಲವೂ ಬರೆದಿಲ್ಲ. ಹದಿಮೂರು ದಿನ, ಇಪ್ಪತ್ತಾರು ಚೌಕ, ಎಲ್ಲ ಖಾಲಿ. ಇವತ್ತೇ ಹನ್ನೊಂದು ಗಂಟೆಗೆ ಇನ್‌ಸ್ಪೆಕ್ಷನ್.

"ನೀನೇ ತುಂಬಿಸ್ಬಿಡು. ನನ್ನ ಅಕ್ಷರ ಅವರಿಗೆ ಗೊತ್ತು. ನಿಂದಾದ್ರೆ ಬದಲಿಯವನದು ಅಂದ್ಕೋತಾರೆ."

"ಏನ್ರೀ ಬರೀಲಿ?"

"ನಾಲ್ಕು. ಆದ್ರೆ ಎಲ್ಲ ನಾಲ್ಕೇ ಬೇಡ ಕಣೆ, ಅನುಮಾನ ಬರುತ್ತೆ. ಅಲ್ಲಲ್ಲಿ ಐದು ಹಾಕು."

ಒಬ್ಬರ ಭುಜಕ್ಕೊಬ್ಬರು ಒರಗಿ ತುಂಬಿದೆವು. ನಾಲ್ಕು, ನಾಲ್ಕು, ಐದು, ನಾಲ್ಕು... ದೋಣಿಯಲ್ಲಿ ಸುತ್ತಾಡಿದ ದಿನಕ್ಕೆ ಆರು ಹಾಕಿದೆ. ಆ ದಿನ ಒಂಚೂರು ಬೆಚ್ಚಗಿರಲಿ ಎಂದು! ಇವರು ನಕ್ಕು ತಲೆಗೆ ಮೊಟಕಿದರು. ಆಫೀಸಿಗೆ ಹತ್ತು ನಿಮಿಷ ಲೇಟ್. ಕೇರೇ ಇಲ್ಲ.

ಫೆಬ್ರವರಿ 28

ನನ್ನದೇನು ಕೆಲಸ ಎಂದು ಇವರ ನೆಂಟರೆಲ್ಲ ಕೇಳುತ್ತಾರೆ. ಊರಲ್ಲಿ ಯಾವ ರೋಗ ಯಾವ ಬೀದಿಗೆ ಬಂತು, ಬಂದವರಿಗೆ ಲಸಿಕೆ ಆಗಿತ್ತೋ ಇಲ್ಲವೋ, ಆಗಿದ್ದರೆ ಅದು ಎಷ್ಟು ಕಾಪಾಡಿತು — ಇದರ ಲೆಕ್ಕ ಎನ್ನುತ್ತೇನೆ. ಮುಖ ಹುಳ್ಳಗೆ ಮಾಡಿಕೊಂಡು ಕುರ್ಚಿ ಹಿಂದಕ್ಕೆ ಎಳೆದುಕೊಳ್ಳುತ್ತಾರೆ, ನನಗೇ ಅಂಟಿಕೊಂಡಿದೆಯೇನೋ ಎಂಬಂತೆ.

ಇವರು ಲಸಿಕೆ ಕಾಯುವವರು, ನಾನು ಲಸಿಕೆ ಅಳೆಯುವವಳು. ಎಂಥ ಜೋಡಿ! ಗೆಳತಿಗೆ ಮೆಸೇಜ್ ಹಾಕಿದೆ. ಹತ್ತು ಹಾರ್ಟ್ ಕಳಿಸಿದಳು.

ಮಾರ್ಚ್ 7

ಗುಬ್ಬಿಗೆ ಮೊದಲ ಇಂಜೆಕ್ಷನ್. ಗುಬ್ಬಿ ಎಂದರೆ ನಾದಿನಿಯ ಮಗಳು, ಇವತ್ತಿಗೆ ಆರು ವಾರ. ನಾದಿನಿಯ ಗಂಡನಿಗೆ ದೂರದ ಡ್ಯೂಟಿ, ಹಾಗಾಗಿ ತಾಯಿ ಮಗಳು ನಮ್ಮ ಜೊತೆಗೇ. ನಮ್ಮ ಬೀದಿಯ ಸೆಂಟರಿಗೆ ನಾನೇ ಕರೆದುಕೊಂಡು ಹೋದೆ. ಔಷಧಿ ಬರುವುದು ಇವರ ಸ್ಟೋರಿನಿಂದಲೇ. ನರ್ಸ್ ಹತ್ತಿರ ಜಂಬ ಕೊಚ್ಚಿಕೊಂಡೆ — ಇದನ್ನು ಕಾದದ್ದು ನನ್ನ ಹಸ್ಬೆಂಡ್!

ಸೂಜಿ ಚುಚ್ಚಿದಾಗ ಗುಬ್ಬಿ ಅತ್ತದ್ದಕ್ಕಿಂತ ನಾನೇ ಹೆಚ್ಚು ಅತ್ತೆ. ನಾದಿನಿ ಬಿದ್ದು ಬಿದ್ದು ನಕ್ಕಳು. "ಅತ್ತಿಗೆ, ನಿಮಗೂ ಒಂದು ಹಾಕಿಸ್ಲಾ?"

ಮಾರ್ಚ್ 26

ನಾಯಿಕೆಮ್ಮು. ನಾನು ಈ ಕೆಲಸಕ್ಕೆ ಸೇರಿದ ಮೇಲೆ ಮೊದಲ ಸಲ. ಸೋಮವಾರ ಮೂರು ಮಕ್ಕಳು, ಇವತ್ತಿಗೆ ಹತ್ತೊಂಬತ್ತು. ಡಾಕ್ಟರ್ ಮೇಡಂ — ನಮ್ಮ ಆಫೀಸಿನ ಮುಖ್ಯಸ್ಥೆ — ವಾರ್ಡಿಗೆ ಕರೆದುಕೊಂಡು ಹೋದರು. "ಬರೀ ಕಂಪ್ಯೂಟರ್ ನೋಡಿದ್ರೆ ಆಗಲ್ಲ, ಕಿವಿಯಿಂದ ಕೇಳು."

ಕೇಳಿದೆ. ಕೆಮ್ಮು, ಕೆಮ್ಮು, ಕೆಮ್ಮು. ಒಳಗೆ ಉಸಿರೇ ಉಳಿದಿರಬಾರದು, ಅಷ್ಟು. ಕೊನೆಗೆ ಗಾಳಿ ಎಳೆದುಕೊಳ್ಳುವ ಒಂದು ಸದ್ದು. ಬರೆಯಲು ಬರುತ್ತಿಲ್ಲ.

ಮನೆಗೆ ಬಂದು ಸ್ನಾನ ಮಾಡಿಯೇ ಗುಬ್ಬಿಯನ್ನು ಎತ್ತಿಕೊಂಡೆ.

ಏಪ್ರಿಲ್ 2

ಲೆಕ್ಕ ಮಾಡಿದೆ. ಕೆಮ್ಮು ಹೊಕ್ಕ ಬೀದಿಗಳ, ಒಂದು ವರ್ಷದೊಳಗಿನ ಮಕ್ಕಳು ಮಾತ್ರ. ಲಸಿಕೆ ಆಗದ ನೂರು ಮಕ್ಕಳಲ್ಲಿ ನಲವತ್ತಕ್ಕೆ ಕೆಮ್ಮು ಬಂದಿದೆ. ಲಸಿಕೆ ಆದವರಲ್ಲಿ, ಅಂದರೆ ಫೆಬ್ರವರಿಯಿಂದೀಚೆಗೆ ಹಾಕಿಸಿಕೊಂಡವರಲ್ಲಿ, ಎಷ್ಟಕ್ಕೆ ಬಂತು ಎಂದು ನೋಡಬೇಕು. ಎಷ್ಟು ಕಡಿಮೆಯೋ ಅಷ್ಟು ಲಸಿಕೆಯ ಬಲ.

ಈ ಊರಿಗೆ ಎರಡು ಸ್ಟೋರ್. ದಕ್ಷಿಣದ್ದು ಬೇರೆಯವರದು, ಉತ್ತರದ್ದು ಇವರದು. ಪ್ರೀತಿ ಹೆಚ್ಚಾಗಿ ಎರಡನ್ನೂ ಬೇರೆ ಬೇರೆ ಮಾಡಿದೆ. ಇವರಿಗೆ ತೋರಿಸಿ ಚುಡಾಯಿಸೋಣ ಎಂದು.

ದಕ್ಷಿಣ: ಲಸಿಕೆ ಆದ ನೂರರಲ್ಲಿ ಎಂಟು. ನಲವತ್ತು ಎಂಟಕ್ಕಿಳಿದಿದೆ — ನೂರಕ್ಕೆ ಎಂಬತ್ತು ಬಲ. ಗುಡ್.

ಉತ್ತರ: ನೂರರಲ್ಲಿ ಮೂವತ್ತಾರು.

ನೂರಕ್ಕೆ ಹತ್ತು.

ಮತ್ತೆ ಮಾಡಿದೆ. ಮತ್ತೆ. ಪ್ರಿಂಟ್ ತೆಗೆದು ಕೈಯಲ್ಲಿ ಎಣಿಸಿದೆ. ಮೂವತ್ತಾರೇ.

ಅದೇ ಕಂಪನಿ, ಅದೇ ಬ್ಯಾಚು. ಬೇರೆಯಾಗಿರುವುದು ಫ್ರಿಜ್ ಒಂದೇ.

ಏಪ್ರಿಲ್ 3

ಮಧ್ಯಾಹ್ನ ಊಟದ ಡಬ್ಬಿ ನೆಪ ಮಾಡಿಕೊಂಡು ಸ್ಟೋರಿಗೆ ಹೋದೆ. ಫೈಲ್ ತೆಗೆದೆ. ಫೆಬ್ರವರಿ. ನಾಲ್ಕು, ನಾಲ್ಕು, ಐದು. ದೋಣಿಯ ದಿನ ಆರು. ನನ್ನ ದುಂಡು ದುಂಡಾದ ಅಕ್ಷರ.

"ಏನಾಯ್ತು? ಮುಖ ಯಾಕೆ ಹೀಗಿದೆ?"

ನಂಬರ್ ಹೇಳಿದೆ. ಇವರು ಕೂತುಬಿಟ್ಟರು. ಆಮೇಲೆ ಮೆಲ್ಲಗೆ, "ಟೂರ್ ಮುಗಿಸಿ ನಾನು ಡ್ಯೂಟಿಗೆ ಬಂದ ದಿನ ಫ್ರಿಜ್ ಗೋಡೇಲಿ ಐಸ್ ಇತ್ತು. ಅವನು ಗುಂಡಿ ಪೂರ್ತಿ ತಿರುಗಿಸಿಬಿಟ್ಟಿದ್ದ. ಸರಿ ಮಾಡಿ ಒರೆಸ್ದೆ."

"ಬಾಟಲಿಗಳು?"

"ನೋಡೋಕೆ ಚೆನ್ನಾಗೇ ಇದ್ವು."

ನೋಡಲು ಚೆನ್ನಾಗಿಯೇ ಇರುತ್ತವೆ. ಈ ಲಸಿಕೆ ಒಮ್ಮೆ ಹೆಪ್ಪುಗಟ್ಟಿ ಕರಗಿತೆಂದರೆ ಸತ್ತಿತು. ಹೊರಗಿನಿಂದ ಏನೂ ಕಾಣದು. ಕುಲುಕಿ ನೋಡಬೇಕು. ಒಂದು ಬಾಟಲಿಯನ್ನು ಬೇಕೆಂದೇ ಹೆಪ್ಪುಗಟ್ಟಿಸಿ, ಕರಗಿಸಿ, ಅನುಮಾನದ ಬಾಟಲಿಯ ಜೊತೆ ಕುಲುಕಿ ಇಡುವುದು. ಒಳ್ಳೆಯದು ಬಹಳ ಹೊತ್ತು ಮಜ್ಜಿಗೆನೀರಿನ ಹಾಗೆ ಬೆಳ್ಳಗೇ ಇರುತ್ತದೆ. ಸತ್ತದ್ದರ ಬಿಳಿ ತಳಕ್ಕೆ ಇಳಿದುಬಿಡುತ್ತದೆ.

ಸಂಜೆ ಐದಕ್ಕೆ ಇಬ್ಬರೂ ಒಂದೊಂದು ಕುಲುಕಿದೆವು. ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಕಣ್ಣು ಮಿಟುಕಿಸದೆ ನೋಡಿದೆವು.

ಎರಡೂ ಒಟ್ಟಿಗೇ ಇಳಿದವು. ಅವಳಿಗಳ ಹಾಗೆ.

ಬೇರೆ ಬೇರೆ ಪೆಟ್ಟಿಗೆಯಿಂದ ಇನ್ನೂ ಐದು ತೆಗೆದೆವು. ಐದೂ ಹಾಗೇ.

ಏಪ್ರಿಲ್ 5

ಇವರು ಎರಡು ದಿನದಿಂದ ಊಟ ಬಿಟ್ಟಿದ್ದಾರೆ. ಅತ್ತೆಗೆ ಅನುಮಾನ, ನಾವು ಜಗಳವಾಡಿದ್ದೇವೆಂದು. "ಇಷ್ಟು ಬೇಗ ಶುರು ಮಾಡಿದ್ರಾ? ನಾವು ಒಂದು ವರ್ಷ ಕಾದಿದ್ವಪ್ಪ."

ಬೆಳಿಗ್ಗೆ ಇವರು ಅಂಗಲಾಚಿದರು. "ಮಿಕ್ಕಿದ್ದೆಲ್ಲ ಬಿಸಾಕಿದ್ದೀನಿ. ಹೊಸ ಸ್ಟಾಕ್ ಬಂದಿದೆ. ಇನ್ಮೇಲೆ ಬರೋ ಮಕ್ಕಳಿಗೆ ಏನೂ ಆಗಲ್ಲ. ಹಾಳೆ ಹೊರಗೆ ಬಂದ್ರೆ ನನ್ನ ಕೆಲಸ ಮಾತ್ರ ಅಲ್ಲ, ನಿಂದೂ ಹೋಗುತ್ತೆ. ಕೇಸ್ ಆಗುತ್ತೆ. ಎರಡು ಸ್ಟೋರನ್ನೂ ಯಾಕೆ ಬೇರೆ ಮಾಡ್ದೆ? ಸೇರಿಸ್ಬಿಡು."

ಸೇರಿಸಿದೆ. ಎಂಟು ಮತ್ತು ಮೂವತ್ತಾರು, ಇನ್ನೂರರಲ್ಲಿ ನಲವತ್ತನಾಲ್ಕು. ನೂರಕ್ಕೆ ನಲವತ್ತೈದು ಬಲ. ಒಂದು ಕ್ಲಿಕ್. ಸುಳ್ಳೊಂದೂ ಇಲ್ಲ. ಕೂಡಿದ್ದೇನೆ, ಅಷ್ಟೆ.

ಭಾನುವಾರವೂ ಆಫೀಸಿಗೆ ಬಂದಿದ್ದ ಡಾಕ್ಟರ್ ಮೇಡಂ ಹುಬ್ಬು ಗಂಟಿಕ್ಕಿದರು. "ನಲವತ್ತೈದಾ? ಈ ಲಸಿಕೆನೇ ಡಲ್ ಅನ್ಸುತ್ತೆ. ಕಂಪನಿಗೆ ಬರೀತೀನಿ." ತಲೆಯಾಡಿಸಿದೆ.

ಫೆಬ್ರವರಿ ಹನ್ನೆರಡರಿಂದ ಇಲ್ಲಿಯವರೆಗೆ ಉತ್ತರದ ಸ್ಟೋರಿನಿಂದ ಲಸಿಕೆ ಹೋದ ಮಕ್ಕಳು ನಾನೂರ ಹನ್ನೆರಡು. ಪ್ರತಿ ಮನೆಯಲ್ಲೂ ಸೀಲ್ ಹಾಕಿದ ಕಾರ್ಡ್. ಪ್ರತಿ ಮನೆಯಲ್ಲೂ ನೆಮ್ಮದಿ.

ಏಪ್ರಿಲ್ 9

ಗುಬ್ಬಿಯ ಎರಡನೇ ಇಂಜೆಕ್ಷನ್. ದಕ್ಷಿಣದ ಸೆಂಟರಿಗೆ ಕರೆದುಕೊಂಡು ಹೋದೆ. ಎರಡು ಬಸ್ ಬದಲಿಸಿ.

ನಾದಿನಿ ಕೇಳಿದಳು. "ಅತ್ತಿಗೆ, ಪಕ್ಕದ ಬೀದೀಲೇ ಇದೆಯಲ್ಲ, ಈ ಬಿಸಿಲಲ್ಲಿ ಅಷ್ಟು ದೂರ ಯಾಕೆ?"

"ಅಲ್ಲಿ ನರ್ಸ್ ಕೈ ಮೆತ್ತಗೆ" ಎಂದೆ. ನಂಬಿದಳು. ನನ್ನ ಮಾತೆಂದರೆ ಅವಳಿಗೆ ಪುಸ್ತಕದ ಮಾತು.

ಇನ್ನು ಇದಾದರೂ ಒಂದು ಒಳ್ಳೆಯ ಡೋಸ್. ಆದರೆ ಹಾಲ್ ತುಂಬಾ ಜನ, ನಲವತ್ತು ನಿಮಿಷ ಕಾದೆವು. ಬೆಂಚಿನಲ್ಲಿ ನಮ್ಮ ಪಕ್ಕ ನಾಲ್ಕು ವರ್ಷದ ಒಂದು ಹುಡುಗಿ. ತಮ್ಮನ ಜೊತೆ ಬಂದಿದ್ದಳು. ಗುಬ್ಬಿಯ ಮುಖದ ಮೇಲೆ ಬಾಗಿ "ಪಾಪು, ಪಾಪು" ಎಂದಳು. ಕೆಮ್ಮಿದಳು. ಕೆಮ್ಮಿದಳು. ಕೆಮ್ಮಿದಳು. ಕೊನೆಗೆ ಆ ಸದ್ದು.

ಗುಬ್ಬಿಯನ್ನು ಸೆರಗಿನೊಳಗೆ ಹಾಕಿಕೊಂಡು ಎದ್ದೆ. ಎದ್ದೆ... ಆದರೆ ಎಷ್ಟು ಹೊತ್ತಿಗೆ?

ಏಪ್ರಿಲ್ 18

ಒಂಬತ್ತು ದಿನ ಬರೆದಿಲ್ಲ.

ವಾರ್ಡಿನಲ್ಲಿ ಒಂದು ಮಗು ಹೋಯಿತು. ಗಂಡು, ಹತ್ತು ವಾರ. ಡಾಕ್ಟರ್ ಮೇಡಂ ಫಾರಂ ಓದಿದರು, ನಾನು ಟೈಪ್ ಮಾಡಿದೆ. ವಿಳಾಸ, ಉತ್ತರ ಭಾಗ. ಲಸಿಕೆ, ಹೌದು. ಒಂದು ಡೋಸ್. ಮಾರ್ಚ್ ಇಪ್ಪತ್ತೊಂದು.

ಆ ತಾಯಿ ಆಫೀಸಿಗೇ ಬಂದಿದ್ದಳು. ಅಳಲಿಲ್ಲ. ಕಾರ್ಡ್ ನನ್ನ ಮೇಜಿನ ಮೇಲಿಟ್ಟಳು. "ಸೀಲ್ ಇದೆಯಲ್ಲ ಮೇಡಂ. ನೋಡಿ, ದಿನ ತಪ್ಪಿಸಿಲ್ಲ ನಾನು. ಮತ್ತೆ ಯಾಕೆ?" ತನ್ನಿಂದಲೇ ಏನೋ ತಪ್ಪಾಗಿರಬೇಕು ಎನ್ನುವ ಹಾಗೆ ಕೇಳಿದಳು. ಅವಳಿಂದ!

ಮನೆಗೆ ಬಂದು ಇವರಿಗೆ ಹೇಳಿದೆ, ಸೋಮವಾರ ಎಲ್ಲ ಹೇಳಿಬಿಡುತ್ತೇನೆಂದು. ಇವರು ಹೇಳಿದ್ದಿಷ್ಟು: "ಹೇಳು. ಹಾಳೆ ನಾನು ಬರೆಸಿದ್ದು ಅಂತಾನೇ ಹೇಳು. ಮನೇಲಿ ಮಾತ್ರ ಈಗಲೇ ಬೇಡ. ತಂಗಿಗೆ ನಾನೇ ಹೇಳ್ತೀನಿ."

ಏಪ್ರಿಲ್ 20, ಬೆಳಿಗ್ಗೆ 10.30

ಹೇಳಿದೆ. ಎರಡು ಸ್ಟೋರಿನ ಲೆಕ್ಕ, ಹಾಳೆ, ಬಾಟಲಿ, ಎಲ್ಲ. ಅಕ್ಷರ ನನ್ನದು ಎಂದೂ.

ಡಾಕ್ಟರ್ ಮೇಡಂ ಕಿರುಚಲಿಲ್ಲ. "ಎಷ್ಟು ದಿನದಿಂದ ಗೊತ್ತು?"

"ಹದಿನೇಳು ದಿನ."

ಕನ್ನಡಕ ತೆಗೆದಿಟ್ಟರು. ನಾನು ಅಳತೊಡಗಿದೆ.

"ಅಳೋದಕ್ಕೆ ಆಮೇಲೆ ಟೈಮ್ ಕೊಡ್ತೀನಿ. ಬೇಕಾದಷ್ಟು ಕೊಡ್ತೀನಿ. ಈಗ ಲಿಸ್ಟ್ ತೆಗಿ, ಫೋನ್ ಎತ್ತು."

ಮಧ್ಯಾಹ್ನ 2.40

ನಾಲ್ಕು ಜನ ಹಂಚಿಕೊಂಡಿದ್ದೇವೆ. ನನ್ನ ಪಾಲಿಗೆ ಮಾರ್ಚ್ ಮೊದಲ ಎರಡು ವಾರ. ಮೂರು ಪ್ರಶ್ನೆ ಬರೆದುಕೊಟ್ಟಿದ್ದಾರೆ. ಮಗುವಿಗೆ ಕೆಮ್ಮು ಇದೆಯೇ? ಕೆಮ್ಮಿನ ಕೊನೆಗೆ ಸದ್ದು ಬರುತ್ತದೆಯೇ? ಮೂರನೆಯದಕ್ಕೆ ಅಡಿಗೆರೆ — ಮೂರು ತಿಂಗಳೊಳಗಿನ ಮಗುವಾದರೆ ಕೆಮ್ಮು ಇಲ್ಲವೆಂದ ಮಾತ್ರಕ್ಕೆ ಬಿಡಬೇಡಿ. ಅಷ್ಟು ಸಣ್ಣವು ಕೆಮ್ಮುವುದೇ ಇಲ್ಲ, ಸುಮ್ಮನಾಗಿಬಿಡುತ್ತವೆ. ಹಾಲು ಕುಡಿಯುತ್ತಿದೆಯೇ, ತುಟಿಯ ಬಣ್ಣ ಹೇಗಿದೆ, ಕೇಳಿ.

ಕೆಲವರು ಬೈದರು. ಒಬ್ಬ ಅಜ್ಜಿ "ಒಳ್ಳೇದಾಗ್ಲಿ ತಾಯಿ, ಫೋನ್ ಮಾಡಿ ಹೇಳಿದ್ದಕ್ಕೆ" ಎಂದರು. ಬೈಗುಳವೇ ವಾಸಿ.

ಮಾರ್ಚ್ ಏಳರ ಸಾಲಿನಲ್ಲಿ ನಮ್ಮ ಮನೆ ಇದೆ. ಎರಡು ಸಲ ದಾಟಿಸಿ ಮುಂದಕ್ಕೆ ಹೋದೆ. ಇವರಿಗೆ ಫೋನ್ ಮಾಡಿದೆ. ತಂಗಿಗೆ ಹೇಳಿದ್ರಾ? ಹೇಳಿಲ್ಲ. ಬೆಳಿಗ್ಗೆ ಅವಳು ಗುಬ್ಬಿಯನ್ನು ಮಲಗಿಸುತ್ತಿದ್ದಳಂತೆ, ಬಾಯಿ ಬರಲಿಲ್ಲವಂತೆ.

3.15

ಮಾಡಿದೆ. ನಾದಿನಿಯೇ ಎತ್ತಿದಳು. ಬೇರೆ ಮನೆಗಳಿಗೆ ಕೇಳಿದ ಹಾಗೆಯೇ ಕೇಳಿದೆ.

"ಕೆಮ್ಮಾ? ಇಲ್ವಲ್ಲ ಅತ್ತಿಗೆ. ಎರಡು ದಿನ ಸ್ವಲ್ಪ ಮೂಗು ಸೋರ್ತಿತ್ತು, ಈಗ ಅದೂ ಇಲ್ಲ. ಇವತ್ತು ಎಷ್ಟು ಜಾಣೆ ಗೊತ್ತಾ! ಬೆಳಿಗ್ಗೆಯಿಂದ ಒಂದೇ ಸಮ ನಿದ್ದೆ. ಹಾಲಿಗೂ ಎದ್ದಿಲ್ಲ. ಅಮ್ಮ ಎಬ್ಬಿಸಬೇಡ ಅಂದ್ರು."

"ಹೋಗಿ ನೋಡು. ತುಟಿ ನೋಡು. ಫೋನ್ ಇಡಬೇಡ."

"ಯಾಕೆ ಅತ್ತಿಗೆ? ಏನಾಯ್ತು?"

"ಹೋಗು."

ಫೋನ್ ಮೇಜಿನ ಮೇಲಿಟ್ಟು ಹೋಗಿದ್ದಾಳೆ. ಕೇಳಿಸುತ್ತಿದೆ — ಫ್ಯಾನ್. ಅವಳ ಕಾಲುಗೆಜ್ಜೆ. ರೂಮಿನ ಬಾಗಿಲು. "ಗುಬ್ಬೀ" ಎನ್ನುತ್ತಿದ್ದಾಳೆ. ಮೆಲ್ಲಗೆ. ಮತ್ತೆ, "ಗುಬ್ಬೀ." ಫ್ಯಾನ್. ಈ ಸಲ ಜೋರಾಗಿ