ಸಡಿಲ ಕಟ್ಟಿದ ಕಿರೀಟ

ಶುಕ್ರವಾರ, ಜನವರಿ ೧೭. ವಾದಿ ಕಬೀರ್.

ಸುಹಾಸನಿಗೆ ಬಿದ್ದ ಚಪ್ಪಾಳೆ ಇನ್ನೂ ಕಿವಿಯಲ್ಲೇ ಇದೆ. ಸಂಘದ ಯಕ್ಷಗಾನದಲ್ಲಿ ಇಷ್ಟು ವರ್ಷ ಈ ರಾಜನ ವೇಷ ನನ್ನದು. ಈ ಸಲ ನನ್ನ ಮಂಡಿನೋವಿನ ನೆಪ ಹೇಳಿ ಅವನಿಗೆ ಕೊಟ್ಟರು. ಸಾಲದ್ದಕ್ಕೆ ಕಿರೀಟ ಕಟ್ಟಲು ನನ್ನನ್ನೇ ಕರೆದರು. ಈ ಅರಬರ ಊರಿನಲ್ಲಿ ಬೇರೆ ಯಾರಿಗೂ ಅದು ಬರುವುದಿಲ್ಲ.

ವೇಷ ಕಟ್ಟುವ ಚೌಕಿಯಲ್ಲಿ ಅವನು ತಲೆ ಬಗ್ಗಿಸಿ ಕೂತ.

"ಶ್ಯಾಮಣ್ಣ, ಬಿಗಿ ಉಂಟಲ್ಲ?"

"ಉಂಟು ಮಾರಾಯ. ಯಲ್ಲಾ, ಹೋಗು."

ಕೊನೆಯ ಪಟ್ಟಿಗೆ ನಾನು ಗಂಟೇ ಹಾಕಿರಲಿಲ್ಲ, ಸುಮ್ಮನೆ ಸಿಕ್ಕಿಸಿದ್ದೆ. ಕುಣಿದು ಬರುವಾಗಲೇ ಬೀಳಲಿ, ಜನ ನಗಲಿ ಎಂದು.

ಬೀಳಲಿಲ್ಲ. ಪಟ್ಟ ಕಳೆದುಕೊಂಡ ರಾಜ ದಂಡು ಕಟ್ಟಿಕೊಂಡು ಬಂದು, ಮತ್ತೆ ಸೋತು, ತನ್ನದೇ ಸಿಂಹಾಸನದ ಎದುರು ಮಂಡಿಯೂರಿದಾಗ ಬಿತ್ತು. ಉರುಳಿ ಉರುಳಿ ಗೆದ್ದವನ ಕಾಲ ಬುಡಕ್ಕೇ ಹೋಯಿತು. ಚೆಂಡೆ ನಿಂತಿತು. ಎದುರು ಸಾಲಿನಲ್ಲಿ ನನ್ನ ಹೆಂಡತಿ ಕಾಂತಾಮಣಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಆಟ ಮುಗಿದ ಮೇಲೆ ಸುಹಾಸ ನನ್ನ ಕಾಲು ಮುಟ್ಟಿದ. "ಹೀಗೆ ಸಮಯಕ್ಕೆ ಸರಿಯಾಗಿ ಬೀಳುವ ಹಾಗೆ ಕಟ್ಟುದು ಹೇಗೆಂತ ನಂಗೂ ಕಲಿಸಿ, ಅಣ್ಣ. ಬರುವ ತಿಂಗಳು ಇಬ್ರಿಯಲ್ಲಿ ಇದೇ ಪ್ರಸಂಗ ಉಂಟು."

ಕಲಿಸುತ್ತೇನೆ ಎಂದೆ.

ಕಾಂತಾಮಣಿ ಮಲಗಿದ್ದಾಳೆ. ನನ್ನ ರಾಜ ಎಷ್ಟು ಸಲ ಸೋತಿದ್ದಾನೆ, ಅವಳು ಒಂದು ಸಲವಾದರೂ ಕಣ್ಣು ಒರೆಸಿಕೊಂಡಿದ್ದಾಳೆಯೇ?