ಇಬ್ಬರಲ್ಲಿ ಒಬ್ಬರ ಒಪ್ಪಿಗೆ

೧೨ ನವೆಂಬರ್ ೨೦೦೨, ಹೊಳೆನರಸೀಪುರ

ರಾತ್ರಿ ಎರಡೂ ಹತ್ತು. ನನ್ನದೇ ಧ್ವನಿ ಕೇಳಿ ಎಚ್ಚರವಾಯಿತು. ನಡುಮನೆಯಲ್ಲಿ ಮಾವ ಟೇಪ್ ರೆಕಾರ್ಡರ್ ಮುಂದೆ ಕೂತಿದ್ದರು. ಅದರೊಳಗಿಂದ ನಾನು ಹೇಳುತ್ತಿದ್ದೆ: "ಮಗು ಅತ್ರೆ ನಡುಕ ಬರುತ್ತೆ ರೀ. ಒಂದೊಂದ್ಸಲ ಇವಳನ್ನ ಬಿಟ್ಟು ಎಲ್ಲಾದ್ರೂ ಹೊರಟೋಗೋಣ ಅನ್ಸುತ್ತೆ."

ಭಾನುವಾರ ಫೋನಿನಲ್ಲಿ, ರಾಯಚೂರಿನ ಬ್ಯಾಂಕಿಗೆ ವರ್ಗವಾಗಿರುವ ನನ್ನ ಗಂಡ ಜಯಂತ್‌ಗೆ ಮಾತ್ರ ಹೇಳಿದ ಮಾತು.

"ಇದು ಅಪರಾಧ ಮಾವ. ಸರ್ಕಾರ ಕೂಡ ಆದೇಶ ಇಲ್ದೆ ಫೋನ್ ಕದ್ದು ಕೇಳೋ ಹಾಗಿಲ್ಲ" ಅಂದೆ.

"ಓಹೋ, ಬಿ.ಎ. ಓದಿದ್ದು ಈಗ ಉಪಯೋಗಕ್ಕೆ ಬಂತೇನಮ್ಮ? ವಕೀಲರನ್ನ ಕೇಳೇ ಮಾಡಿರೋದು. ಮಾತಾಡೋ ಇಬ್ಬರಲ್ಲಿ ಒಬ್ರು ಒಪ್ಪಿದ್ರೆ ತಪ್ಪಿಲ್ವಂತೆ. ಬೆಳಿಗ್ಗೆ ಟೇಪು ಅವರಿಗೆ ಕೊಡ್ತೀನಿ. ಮಗು ನಮ್ಮ ಹತ್ರ ಇರ್ಲಿ, ನೀನು ಚನ್ನರಾಯಪಟ್ಟಣಕ್ಕೆ ನಿಮ್ಮಮ್ಮನ ಮನೆಗೆ ಹೋಗಿ ಸುಧಾರಿಸ್ಕೋ."

ಇಬ್ಬರಲ್ಲಿ ಒಬ್ಬರು. ನಾನಂತೂ ಒಪ್ಪಿಲ್ಲ.

ಕೋಣೆಗೆ ಬಂದು ಚಿಲಕ ಹಾಕಿಕೊಂಡೆ. ಐದು ತಿಂಗಳ ಇಂಚರ ನಿದ್ದೆಯಲ್ಲೇ ತುಟಿ ಚೀಪುತ್ತಿದ್ದಾಳೆ. ಇವಳನ್ನು ಬಿಟ್ಟು ಎಲ್ಲಿಗೆ ಹೋಗಲಿ? ಹೆದರಿಕೆಯಾಗಿತ್ತು, ಹೇಳಿಕೊಂಡೆ. ಅಷ್ಟೇ.

"ಸರಿಯಾಗಿ ಕೇಳಿಸ್ತಿಲ್ಲ, ಇನ್ನೊಂದ್ಸಲ ಹೇಳು" ಅಂದರು ಜಯಂತ್, ಅವತ್ತು ಫೋನಿನಲ್ಲಿ. ಲೈನು ಚೆನ್ನಾಗಿಲ್ಲ ಅಂದುಕೊಂಡು ನಾನೂ ಬಿಡಿಸಿ ಬಿಡಿಸಿ ಹೇಳಿದೆನಲ್ಲ.

ಇಲ್ಲಿಂದ ನಾನೇ ಫೋನ್ ಮಾಡೋಣವೆಂದರೆ ಮಾವ ಎಸ್‌ಟಿಡಿ ಲಾಕ್ ಮಾಡಿದ್ದಾರೆ. ಜಯಂತ್, ಬೆಳಗಾಗುವುದರೊಳಗೆ ನೀವೇ ಒಂದು ಫೋನ್ ಮಾಡಿ. ಅವರು ಕೇಳಿಸಿಕೊಂಡರೂ ಸರಿ, ಟೇಪ್ ಮಾಡಿಕೊಂಡರೂ ಸರಿ. "ಒಪ್ಪಿದ್ದು ನಾನಲ್ಲ" ಅಂತ ಒಂದು ಮಾತು ಹೇಳಿ. ದಮ್ಮಯ್ಯ, ಅವರು ಎದ್ದು ವಕೀಲರ ಮನೆಗೆ ಹೊರಡುವ ಮೊದಲು ಮಾಡಿ.