ಟ್ಯಾಂಕರಿಗೆ ಕುಲಾವಿ

॥ ಶ್ರೀ ॥

ಚಿಂಚವಾಡ, ಪುಣೆ
ಶುಕ್ರವಾರ, ೪ ಏಪ್ರಿಲ್ ೨೦೦೩

ಚಿ. ಸೌ. ಭಾಮಾ,

ಅನೇಕ ಆಶೀರ್ವಾದಗಳು. ಪಕ್ಕದ ಮನೆಯ ಪ್ರೇಮಾವತಿಬಾಯಿ ಇವತ್ತಿನ ಬಸ್ಸಿಗೆ ಧಾರವಾಡಕ್ಕೆ ತಮ್ಮನ ಮನೆಗೆ ಹೊರಟಿದ್ದಾರೆ. ನಿನ್ನ ಕೈಗೆ ಈ ಪತ್ರದ ಜೊತೆ ಒಂದು ಪೊಟ್ಟಣವನ್ನೂ ಕೊಡುತ್ತಾರೆ. ಪತ್ರ ಮೊದಲು, ಪೊಟ್ಟಣ ಆಮೇಲೆ. ನಿನ್ನ ಸ್ವಭಾವ ನನಗೆ ಗೊತ್ತು, ದಾರವನ್ನು ಹಲ್ಲಿನಿಂದ ಕಡಿದು ಪೊಟ್ಟಣವನ್ನೇ ಮೊದಲು ಬಿಚ್ಚುತ್ತಿ. ಈ ಒಂದು ಸಲ ಹಾಗೆ ಮಾಡಬೇಡ.

ಸುರಭಿಯ ಬೆನ್ನುನೋವು ಹೇಗಿದೆ? ಬಾಣಂತಿಗೆ ಗಾಳಿ ತಾಗದಂತೆ ನೋಡಿಕೋ ಎಂದು ನಾನು ನಿನಗೆ ಹೇಳುವುದು ನಗೆಪಾಟಲು, ಆದರೂ ಹೇಳುತ್ತೇನೆ. ನಿನ್ನ ಮಂಡಿ ಹೇಗಿದೆ? ಬೀಗರ ಮನೆಯಲ್ಲಿ ಮೆಟ್ಟಿಲು ಜಾಸ್ತಿ, ದಿನಕ್ಕೆ ಹತ್ತು ಸಲ ಹತ್ತಿ ಇಳಿಯಬೇಡ. ಮೊಮ್ಮಗಳ ತಲೆಯ ಸುತ್ತಳತೆ ಎಷ್ಟು ಎಂದು ಫೋನಿನಲ್ಲಿ ಕೇಳಿದ್ದಕ್ಕೆ ನೀನು ನಕ್ಕುಬಿಟ್ಟೆ. ಅಳಿಯ ಪಾಪ, ಟೇಪು ಹಿಡಿದು ನೋಡಿ ಹದಿಮೂರೂವರೆ ಇಂಚು ಎಂದು ಹೇಳಿದ. ಆ ಅಳತೆ ನನಗೆ ಯಾಕೆ ಬೇಕಾಗಿತ್ತು ಎಂಬುದೇ ಈ ಪತ್ರದ ವಿಷಯ.

ಸುತ್ತುಬಳಸಿ ಹೇಳುವುದು ಬೇಡ. ನೀನು ಕೂಸಿಗೆಂದು ಹೊಲಿದು ಟ್ರಂಕಿನಲ್ಲಿ ಇಟ್ಟುಹೋಗಿದ್ದ ಖಣದ ಕುಲಾವಿಯನ್ನು ನಾನು ಬಿಚ್ಚಿದ್ದೇನೆ. ಬಿಚ್ಚಿದ್ದೇನೆ ಎಂದರೆ ಅದನ್ನು ಸುತ್ತಿದ್ದ ಬಟ್ಟೆಯಿಂದಲ್ಲ, ಹೊಲಿಗೆಯಿಂದ. ಕೂಸು ಹುಟ್ಟುವ ಮೊದಲು ಅದರ ಬಟ್ಟೆ ಹೊಸ್ತಿಲು ದಾಟಬಾರದು ಎಂದು ನೀನೇ ಅದನ್ನು ಇಲ್ಲಿ ಬಿಟ್ಟಿದ್ದೆ. ಸೋಮವಾರ ಫೋನಿನಲ್ಲಿ, "ಟ್ರಂಕಿನ್ಯಾಗ ಕುಲಾವಿ ಅದ, ನೆನಪಿಲೆ ತರ್ರಿ, ತವರಿನ ಕುಲಾವಿ ಇಲ್ದ ಬೀಗರ ಮುಂದ ಕೂಸಿನ್ನ ತೊಟ್ಟಲಕ್ಕ ಹ್ಯಾಂಗ ಹಾಕೋದು" ಎಂದೆಯಲ್ಲ, ಆಗ ಅದು ನನ್ನ ಮೇಜಿನ ಮೇಲೆ ಹತ್ತು ತುಂಡಾಗಿ ಬಿದ್ದಿತ್ತು. ನಾನು ಹೂಂ ಎಂದೆ. ಒಂದು ತಾಸಿನಲ್ಲಿ ಮತ್ತೆ ಹೊಲಿದುಬಿಡಬಹುದು ಎಂದು ನಿಜವಾಗಿಯೂ ನಂಬಿದ್ದೆ. ಈಗ ಸಿಟ್ಟು ಮಾಡಿಕೊಂಡು ಪತ್ರ ಮಡಚಿಡಬೇಡ, ಯಾಕೆ ಹೀಗಾಯಿತು ಎಂಬುದನ್ನು ಪೂರ್ತಿ ಓದು.

ಪ್ರೇಮಾವತಿಬಾಯಿಯ ಮಗ ವಿಕ್ರಮನ ಅಂಗಡಿ ನಿನಗೆ ಗೊತ್ತೇ ಇದೆ. ನೀನು ಹೋಗುವಾಗ ಅವನು ಕೆಳಗಿನ ಶೆಡ್ಡಿನಲ್ಲಿ ಸ್ಕೂಟರಿಗೆ ದೇವರ ಹೆಸರು, ರಿಕ್ಷಾಕ್ಕೆ ಮಕ್ಕಳ ಹೆಸರು ಅಂಟಿಸಿಕೊಂಡು ಕೂತಿದ್ದ. ಈಗ ದೊಡ್ಡ ಹಾಳೆಯ ಮೇಲೆ ಚಿತ್ರ ಮುದ್ರಿಸಿ ಇಡೀ ಗಾಡಿಗೇ ಹೊದಿಸುತ್ತಾರೆ. ವಿನೈಲ್ ಎನ್ನುತ್ತಾರೆ, ಕಾಗದದಷ್ಟು ತೆಳ್ಳಗೆ, ರಬ್ಬರಿನ ಹಾಗೆ ಸ್ವಲ್ಪ ಹಿಗ್ಗುತ್ತದೆ, ಹಿಂಬದಿಗೆ ಅಂಟು. ಒಂದು ಶಾಲೆಯ ವ್ಯಾನಿಗೆ ಅವನು ಅದನ್ನು ಹೊದಿಸಿದಾಗ ನಾನು ಕುರ್ಚಿ ಹಾಕಿಕೊಂಡು ಎರಡು ದಿನ ನೋಡಿದೆ. ಮೊಳೆಯ ತಲೆ ಬಂದಲ್ಲಿ ಬಿಸಿಗಾಳಿ ಊದಿ ಮೆತ್ತಗೆ ಮಾಡಿ ಒತ್ತಬೇಕು, ಬಾಗಿಲಿನ ಸಂದಿಯಲ್ಲಿ ಕತ್ತರಿಸಿ ಒಳಗೆ ಮಡಚಬೇಕು. ನೋಡುತ್ತ ನೋಡುತ್ತ ನನಗೂ ಕೈ ತುರಿಸತೊಡಗಿತು. ರಿಟಾಯರ್ ಆಗಿ ಆರು ವರ್ಷವಾಯಿತು, ಅಷ್ಟರಲ್ಲಿ ಒಬ್ಬರೂ ನನ್ನ ಹತ್ತಿರ ಒಂದು ಡ್ರಾಯಿಂಗ್ ಕೇಳಿಲ್ಲ ಎಂಬುದು ನಿನಗೆ ಗೊತ್ತು.

ಅಷ್ಟರಲ್ಲಿ ದೇಹೂ ರೋಡ್ ಕಡೆಯ ಡೇರಿಯವನೊಬ್ಬ ಹಾಲಿನ ಟ್ಯಾಂಕರ್ ತಂದು ನಿಲ್ಲಿಸಿದ. ಯುಗಾದಿ ಪಾಡವಾದ ದಿನ, ಅಂದರೆ ಬುಧವಾರ ಬೆಳಿಗ್ಗೆ, ಪೂಜೆ ಮಾಡಿ ಹೊರಡಿಸಬೇಕು. ಮೈಗೆಲ್ಲ ಹುಲ್ಲುಗಾವಲು, ಹಿಂಬದಿಗೆ ಆಕಳ ಮುಖ. "ಗಾಯ್ ಹಸಲೀ ಪಾಹಿಜೆ" ಎಂದು ಮೂರು ಸಲ ಹೇಳಿ ಹೋದ. ಆಕಳು ನಗಬೇಕಂತೆ. ಅದು ಮೂಡಿದರೆ ಅವನ ಉಳಿದ ಟ್ಯಾಂಕರುಗಳೂ ವಿಕ್ರಮನಿಗೇ ಬರುತ್ತವೆ, ಕೆಟ್ಟರೆ ಚಿಂಚವಾಡದಲ್ಲಿ ಮತ್ತೆ ಯಾರೂ ದೊಡ್ಡ ಗಾಡಿ ತರುವುದಿಲ್ಲ.

ಟ್ಯಾಂಕರಿನ ಹೊಟ್ಟೆ ಸುಲಭ. ಅದು ಕೊಳವೆ, ಕೊಳವೆಯನ್ನು ಬಿಡಿಸಿದರೆ ನೆಟ್ಟಗಿನ ಚಾಪೆ. ವಿಕ್ರಮನೂ ಅವನ ಹುಡುಗರೂ ಹಾಳೆ ಸುತ್ತಿದರು, ಕೂತಿತು. ಆದರೆ ಹಿಂಬದಿ ಚಪ್ಪಟೆಯಲ್ಲ, ಬೋರಲು ಹಾಕಿದ ಬೋಗುಣಿಯ ಹಾಗೆ ಉಬ್ಬಿದೆ. ಹಾಳೆಯನ್ನು ನಡುವೆ ಒತ್ತಿದರೆ ಅಂಚಿನಲ್ಲಿ ನೆರಿಗೆ, ಅಂಚು ಎಳೆದರೆ ಬಣ್ಣ ಬೆಳ್ಳಗಾಗಿ ಆಕಳಿಗೆ ತೊನ್ನು. ಬಿಸಿ ಮಾಡಿ ಬಲವಂತವಾಗಿ ಕೂರಿಸಿದ್ದೂ ಆಯಿತು, ಮಾರನೇ ದಿನ ನೋಡಿದರೆ ಎಳೆದದ್ದೆಲ್ಲ ಹಿಂದಕ್ಕೆ ಸರಿದು ಅಂಚು ಎದ್ದಿತ್ತು. ವಿಕ್ರಮ ಬಂದು, "ಕಾಕಾ, ಆಕಳ ಮಾರಿ ಸೊಟ್ಟ ಆಗೇದ್ರಿ, ನಗೂದ ಬಿಡ್ರಿ, ಹಲ್ಲು ನೋವು ಬಂದಂಗ ಕಾಣ್ತದ" ಎಂದ. ನಾನು ಹೋಗಿ ನೋಡಿದೆ. ಅವನು ಹೇಳಿದ್ದು ಸರಿಯಿತ್ತು.

ಆಗ ನಾನು ಬಾಯಿ ಹಾಕಿದೆ. ಮೂವತ್ನಾಲ್ಕು ವರ್ಷ ಕಾರ್ಖಾನೆಯಲ್ಲಿ ತಗಡು ಬಿಡಿಸುವ ಡ್ರಾಯಿಂಗ್ ಮಾಡಿದವನು ನಾನು, ಒಂದು ಬೋಗುಣಿ ದೊಡ್ಡ ಮಾತೇ ಎಂದೆ. ಕಿತ್ತಳೆ ಹಣ್ಣಿನ ತೊಳೆಯ ಹಾಗೆ ಹನ್ನೆರಡು ಎಸಳು, ಎಲ್ಲದರ ಚೂಪು ನಡುವೆ ಒಂದೇ ಬಿಂದುವಿಗೆ ಸೇರಬೇಕು. ಲೆಕ್ಕ ಮಾಡಿ, ಪೆನ್ಸಿಲ್ ಚೂಪು ಮಾಡಿ, ಕೂದಲೆಳೆಯಷ್ಟು ತಪ್ಪಿಲ್ಲದೆ ಬರೆದುಕೊಟ್ಟೆ. ವಿಕ್ರಮ ಹಾಗೆಯೇ ಕತ್ತರಿಸಿ ಅಂಟಿಸಿದ. ಹನ್ನೆರಡು ಚೂಪು ಸೇರಿದ್ದು ಎಲ್ಲಿ ಗೊತ್ತೇ, ಸರಿಯಾಗಿ ಆಕಳ ಮೂಗಿನ ಮೇಲೆ. ಒಂದರ ಮೇಲೊಂದು ಹತ್ತಿ ಅಲ್ಲಿ ಗಂಟು ಬಿತ್ತು, ತುದಿಗಳು ಎದ್ದವು, ಮುಖವೆಲ್ಲ ಕೊಯ್ದ ಕೇಕಿನ ಹಾಗಾಯಿತು. ತಗಡಾದರೆ ಬೆಸುಗೆ ಹಾಕಿ ಉಜ್ಜಿಬಿಡಬಹುದಿತ್ತು, ಇದಕ್ಕೆ ಬೆಸುಗೆ ಎಲ್ಲಿಂದ ಬರಬೇಕು? ವಿಕ್ರಮ ಎಸಳುಗಳನ್ನು ಒಂದೊಂದಾಗಿ ಕಿತ್ತು ಉಂಡೆ ಮಾಡಿ ಬುಟ್ಟಿಗೆ ಹಾಕಿದ. ಬೈದಿದ್ದರೆ ಚೆನ್ನಾಗಿತ್ತು. ಪಾಡವಾಕ್ಕೆ ಮೂರು ದಿನ ಉಳಿದಿತ್ತು, ಇನ್ನೊಂದು ಸಲ ಮುದ್ರಿಸುವಷ್ಟೇ ಹಾಳೆ ಉಳಿದಿತ್ತು, ಹಾಳಾದದ್ದು ನನ್ನಿಂದ.

ರವಿವಾರ ಮಧ್ಯಾಹ್ನ ಹಳೆಯ ಕೈವಾರದ ಪೆಟ್ಟಿಗೆ ಹುಡುಕಲು ಟ್ರಂಕು ತೆಗೆದೆ. ಪೆಟ್ಟಿಗೆಯ ಮೇಲೆಯೇ ನಿನ್ನ ಕುಲಾವಿ. ಸುಮ್ಮನೆ ನೋಡೋಣವೆಂದು ಅಡುಗೆಮನೆಯ ಸಣ್ಣ ಬೋಗುಣಿ ಬೋರಲು ಹಾಕಿ ಅದರ ಮೇಲಿಟ್ಟೆ. ಒಂದು ನೆರಿಗೆ ಇಲ್ಲದೆ ಕೂತಿತು. ಇನ್ನೊಂದು, ಸ್ವಲ್ಪ ದೊಡ್ಡ ಬೋಗುಣಿ ಇಟ್ಟೆ. ಅದರ ಮೇಲೂ ಕೂತಿತು. ಭಾಮಾ, ನಾನು ಅಲ್ಲಿಯೇ ನೆಲದ ಮೇಲೆ ಕೂತುಬಿಟ್ಟೆ. ಎರಡು ಬೇರೆ ಅಳತೆಯ ಉಬ್ಬಿಗೆ ಒಂದೇ ಹೊದಿಕೆ ಹೇಗೆ ಕೂಡುತ್ತದೆ? ಹೊರಗಿನಿಂದ ಅಳೆದೆ, ತಿಳಿಯಲಿಲ್ಲ. ಒಳಗಿನಿಂದ ಬೆಳಕಿಗೆ ಹಿಡಿದೆ, ತಿಳಿಯಲಿಲ್ಲ. ಆಮೇಲೆ ನನ್ನ ಕೈ ತಾನಾಗಿಯೇ ಹೋಗಿ ಗಡ್ಡದ ಬ್ಲೇಡು ತಂದಿತು. ತಪ್ಪು ಎಂದು ಗೊತ್ತಿತ್ತು. ತಿಳಿದುಕೊಳ್ಳದೆ ಇರಲು ಆಗಲಿಲ್ಲ, ಅಷ್ಟೇ.

ಬಿಚ್ಚಿದ ಮೇಲೆ ಕಂಡದ್ದನ್ನು ಹೇಳುತ್ತೇನೆ, ನಿನಗೆ ಹೊಸದಲ್ಲ, ನನಗೆ ಹೊಸದು. ಒಂಬತ್ತು ಎಸಳು. ಕೈವಾರ ಹಿಡಿದು ವೃತ್ತವನ್ನು ಒಂಬತ್ತು ಸಮಭಾಗ ಮಾಡಲು ಬರುವುದಿಲ್ಲ, ನೀನು ಬಟ್ಟೆಯನ್ನು ಮೂರು ಮಡಿಕೆ, ಮತ್ತೆ ಮೂರು ಮಡಿಕೆ ಮಾಡಿ ಮುಗಿಸಿದ್ದೀ. ಒಂದು ಎಸಳಿಗೂ ನೇರ ಅಂಚಿಲ್ಲ, ಎಲ್ಲಕ್ಕೂ ಅಂಚು ಹೊರಕ್ಕೆ ಉಬ್ಬುವಂತೆ ಜೋಳದ ಕಾಳಿನಷ್ಟು ಹೊಟ್ಟೆ ಬಿಟ್ಟಿದ್ದೀ. ಖಣವನ್ನು ಓರೆಯಾಗಿ ಕತ್ತರಿಸಿದ್ದೀ, ಅದಕ್ಕೇ ಎಳೆದ ಕಡೆಗೆ ಹಿಗ್ಗುತ್ತದೆ. ಎಲ್ಲಕ್ಕಿಂತ ಮುಖ್ಯ, ಎಸಳುಗಳ ಚೂಪು ಎಲ್ಲಿಯೂ ಸೇರುವುದೇ ಇಲ್ಲ. ಮೊದಲೇ ನಿಂತುಬಿಡುತ್ತವೆ, ನಡುವೆ ಒಂದು ಇಡೀ ಗುಂಡು ತುಂಡು. ಆಗ ಸುರಭಿ ಹುಟ್ಟಿದ ವರ್ಷದ ಮಾತು ನೆನಪಾಯಿತು. ನೀನು ಕುಲಾವಿ ಹೊಲಿಯುತ್ತಿದ್ದಾಗ ನಾನು ಬಗ್ಗಿ ನೋಡಿ, ಎಲ್ಲ ಒಂದೇ ಬಿಂದುವಿಗೆ ಸೇರಿಸಿದರೆ ಚೊಕ್ಕವಾಗಿ ಕಾಣುತ್ತದೆ ಎಂದಿದ್ದೆ. ನೀನು ತಲೆ ಎತ್ತದೆ, "ನೆತ್ತಿ ಮ್ಯಾಲೆ ಹೊಲಿಗಿ ಬರಬಾರದ್ರಿ, ಕೂಸಿಗೆ ಒತ್ತತದ" ಎಂದೆ. ಚಿಂದಿ ಕೆಲಸಕ್ಕೂ ಶಾಸ್ತ್ರವೇ ಎಂದು ನಾನು ನಕ್ಕಿದ್ದೆ. ಆ ನಗು ಈಗ ನೆನಪಾದರೆ ಮೈ ಹಿಡಿಯಾಗುತ್ತದೆ.

ಇನ್ನೊಂದು ಸಂಗತಿಯೂ ಕಂಡಿತು. ಗುಂಡು ತುಂಡಿನ ಅಸ್ತರು ಹಳೆಯ ಮಲ್ಮಲ್, ಅದರಲ್ಲಿ ಒಂದು ಕಪ್ಪು ಕಲೆ. ಡ್ರಾಯಿಂಗ್ ಇಂಕಿನ ಕಲೆ ನಾನು ಎಲ್ಲಿದ್ದರೂ ಗುರುತಿಸುತ್ತೇನೆ. ನನ್ನ ಮೊದಲ ಪಗಾರದ ಅಂಗಿ ಅದು. ಹಳೆಯ ಬಟ್ಟೆಗೆ ಪಾತ್ರೆ ಕೊಡುವವಳಿಗೆ ನೀನು ಅದನ್ನು ಹಾಕಿಬಿಟ್ಟೆ ಎಂದು ಒಂದು ವಾರ ನಿನ್ನ ಜೊತೆ ಮಾತು ಬಿಟ್ಟಿದ್ದೆನಲ್ಲ, ಅದೇ. ಇಷ್ಟು ವರ್ಷ ಎಲ್ಲಿ ಇಟ್ಟಿದ್ದೆ?

ಮುಂದಿನದು ಬೇಗ ಮುಗಿಸುತ್ತೇನೆ. ಆಕಳ ಮುಖವನ್ನು ಇಡಿಯಾಗಿ ಗುಂಡು ತುಂಡಿಗೆ ಹಾಕಿದೆವು, ಹುಲ್ಲು ಆಕಾಶಗಳನ್ನು ಒಂಬತ್ತು ಎಸಳಿಗೆ. ಎಸಳಿನ ಅಂಚಿಗೆ ನೀನು ಬಿಟ್ಟ ಹೊಟ್ಟೆಯ ಲೆಕ್ಕವನ್ನೇ ದೊಡ್ಡದು ಮಾಡಿದೆ. ಹಿಂದಿನ ಏಣಿ ಕಳಚಿಟ್ಟು, ಸಾಬೂನು ನೀರು ಚಿಮುಕಿಸಿ, ಎಸಳುಗಳನ್ನು ಮೊದಲು ಕೂರಿಸಿ, ಕೊನೆಗೆ ಮುಖವನ್ನು ಬಿಸಿ ಮಾಡಿ ನಡುವಿನಿಂದ ಹೊರಕ್ಕೆ ಒತ್ತುತ್ತ ಬಂದರು. ಆ ಸಾಬೂನು ನೀರಿನ ಮೇಲೆಯೇ ಮಂಗಳವಾರ ನಾನು ಜಾರಿ ಬಿದ್ದೆ. ಗಾಬರಿ ಬೇಡ, ಕಾಲು ಮುರಿದಿಲ್ಲ, ಉಳುಕಿದೆ. ಡಾಕ್ಟರು ಹದಿನೈದು ದಿನ ಕಾಲೂರಬೇಡ ಎಂದಿದ್ದಾರೆ. ಫೋನಿನಲ್ಲಿ ಹೇಳಿದರೆ ನೀನು ಬಾಣಂತಿಯನ್ನು ಬಿಟ್ಟು ಓಡಿಬರುತ್ತಿದ್ದೆ, ಅದಕ್ಕೇ ಹೇಳಲಿಲ್ಲ.

ಪಾಡವಾದ ದಿನ ಬೆಳಿಗ್ಗೆ ಕುರ್ಚಿಯ ಮೇಲೆ ಕೂರಿಸಿ ನನ್ನನ್ನು ಕೆಳಗೆ ಇಳಿಸಿದರು. ಅಂಚು ಎದ್ದಿರಲಿಲ್ಲ. ಬಿಸಿಲಿನಲ್ಲಿ ಆಕಳು ನಗುತ್ತಿತ್ತು, ಎಡ ಕಿವಿ ಬಲಕ್ಕಿಂತ ಅರ್ಧ ಇಂಚು ದೊಡ್ಡದು, ನನ್ನ ಹೊರತು ಯಾರಿಗೂ ಕಾಣಲಿಲ್ಲ. ಡೇರಿಯವನು ಸುತ್ತ ನಡೆದು ನೋಡಿ ತಾನೂ ನಕ್ಕ. ಇನ್ನೆರಡು ಟ್ಯಾಂಕರು ಬರುತ್ತವಂತೆ. ವಿಕ್ರಮ ಆ ಡ್ರಾಯಿಂಗನ್ನು ಅಂಗಡಿಯ ಗೋಡೆಗೆ ಹಚ್ಚುತ್ತೇನೆ ಎಂದು ಕೇಳಿದ. ಡ್ರಾಯಿಂಗಿನ ಬಲಮೂಲೆಯಲ್ಲಿ ಹೆಸರು ಬರೆಯಲು ಎರಡು ಮನೆ ಇರುತ್ತವೆ, ಯೋಜಿಸಿದವರು ಒಂದು, ಬರೆದವರು ಒಂದು. ಮೂವತ್ನಾಲ್ಕು ವರ್ಷ ಮೊದಲನೆಯದರಲ್ಲಿ ಇಂಜಿನಿಯರರ ಹೆಸರು, ಎರಡನೆಯದರಲ್ಲಿ ನನ್ನದು. ಈ ಸಲ ಮೊದಲನೆಯದರಲ್ಲಿ ನಿನ್ನ ಹೆಸರು ಬರೆದೆ. ಅಕ್ಷರ ಚೆನ್ನಾಗಿ ಬಂದಿವೆ, ಬಂದಾಗ ನೋಡು.

ಇನ್ನು ಕುಲಾವಿ. ಬುಧವಾರ ಗುರುವಾರ ಕೂತು, ಅಳಿಯ ಹೇಳಿದ ಅಳತೆಗೆ ಸರಿಯಾಗಿ, ಎಸಳುಗಳನ್ನು ನಾನೇ ಹೊಲಿದಿದ್ದೇನೆ. ಪ್ರೇಮಾವತಿಬಾಯಿ ಮೊದಲ ದಿನ ಬಾಗಿಲಲ್ಲೇ ನಿಂತು, "ಏನ್ರೀ ಇದು, ಹುಟ್ಟಿದ ಕೂಸಿನ ಕುಲಾವಿ ಬಿಚ್ಚಿ ಹಪ್ಪಳದಂಗ ಹರವೀರಿ" ಎಂದು ಬೈದರು, ಆಮೇಲೆ ಸೂಜಿಗೆ ದಾರ ಪೋಣಿಸಿಕೊಟ್ಟರು. ತಾವೇ ಹೊಲಿದುಕೊಡುವುದಾಗಿ ಹೇಳಿದರೂ ನಾನು ಬಿಡಲಿಲ್ಲ. ಬಿಚ್ಚಿದವನು ನಾನು. ಮೂರು ಎಸಳು ಮೂರು ಸಲ ಬಿಚ್ಚಿ ಹೊಲಿದೆ, ಬೆರಳಿಗೆ ಚುಚ್ಚಿದ ರಕ್ತ ಬಟ್ಟೆಗೆ ತಾಗದಂತೆ ನೋಡಿಕೊಂಡೆ. ಹೊಲಿಗೆ ನಿನ್ನದರ ಹಾಗಿಲ್ಲ, ದೂರ ದೂರ ಇವೆ, ಆದರೆ ಗಟ್ಟಿ ಇವೆ. ಬೀಗರು ಕೇಳಿದರೆ ಏನು ಹೇಳುವುದೋ ನಿನಗೆ ಬಿಟ್ಟದ್ದು.

ಸುರಭಿಗೂ ಅಳಿಯನಿಗೂ ಆಶೀರ್ವಾದ, ಬೀಗರಿಗೆ ನಮಸ್ಕಾರ ತಿಳಿಸು. ಕೂಸಿನ ಅಂಗಾಲಿಗೆ ನನ್ನ ಪರವಾಗಿ ಒಂದು ಮುತ್ತು ಕೊಡು. ನಾನು ಊಟಕ್ಕೆ ಪ್ರೇಮಾವತಿಬಾಯಿಯ ಸೊಸೆಯ ಕೈಯಡುಗೆಯಲ್ಲಿ ಸುಖವಾಗಿದ್ದೇನೆ, ಸಾರಿಗೆ ಸಕ್ಕರೆ ಹಾಕುತ್ತಾಳೆ ಎಂಬುದೊಂದೇ ತಕರಾರು.

ನಿನ್ನ
ಬಿಂದುಮಾಧವ

ತಾ.ಕ.: ರಿಕ್ಷಾ ಬಂದು ನಿಂತಿದೆ, ಅವಸರದಲ್ಲಿ ಬರೆಯುತ್ತಿದ್ದೇನೆ. ನೆತ್ತಿಯ ಗುಂಡು ತುಂಡನ್ನು ಮಾತ್ರ ನಾನು ಹೊಲಿದಿಲ್ಲ, ಪೊಟ್ಟಣದಲ್ಲಿ ಬೇರೆ ಕಾಗದದಲ್ಲಿ ಸುತ್ತಿಟ್ಟಿದ್ದೇನೆ. ನನ್ನ ಹೊಲಿಗೆ ಒರಟು, ಕೂಸಿಗೆ ಒತ್ತುತ್ತದೆ. ಅದು ನಿನ್ನ ಕೈಯದೇ ಆಗಬೇಕು. ಶನಿವಾರ ಇಡೀ ದಿನ ಇದೆ, ಕನ್ನಡಕ ಹಾಕಿಕೊಂಡು ಹೊಲಿ. ಕಲೆ ಇದೆಯೆಂದು ಅಸ್ತರು ಬದಲಿಸಬೇಡ. ಈ ಕಾಲಿನಿಂದ ರವಿವಾರ ತೊಟ್ಟಿಲಿಗೆ ಹಾಕುವ ಹೊತ್ತಿಗೆ ನಾನು ಬರಲು ಆಗುವುದಿಲ್ಲ, ನನ್ನ ಅಂಗಿಯಾದರೂ ಅವಳ ತಲೆಯ ಮೇಲೆ ಇರಲಿ.